ಕಪ್ಪು ಮುಖಕ್ಕೆ ಬೆಳಕು ಹಿಡಿದವರು



ಪ್ರತಿ ಭಾನುವಾರ ನೀವು ನನ್ನ ದನಿ ಕೇಳುತ್ತೀರಿ, ಮುಖ ನೋಡಿಲ್ಲ. ನಿಜ ಹೇಳಬೇಕೆಂದರೆ ಈ ಕೆಲಸದಲ್ಲಿ ನನಗೆ ತುಂಬ ಇಷ್ಟವಾದ ಸಂಗತಿಯೇ ಅದು. ದನಿಗೆ ಬಣ್ಣವಿಲ್ಲ. ಆದರೂ ಕೇಳುವವರು ಮನಸ್ಸಿನಲ್ಲೇ ಒಂದು ಬಣ್ಣ ಹಚ್ಚಿಕೊಂಡಿರುತ್ತಾರೆ. "ನಿಮ್ಮ ದನಿ ಕೇಳಿದರೆ ನೀವು ಎತ್ತರಕ್ಕೆ, ಬೆಳ್ಳಗೆ ಇರಬೇಕು ಅನ್ನಿಸುತ್ತದೆ" ಎಂದು ಒಬ್ಬರು ಹಿರಿಯರು ಒಮ್ಮೆ ಪತ್ರ ಬರೆದಿದ್ದರು. ಎತ್ತರದ ವಿಷಯ ಬಿಡಿ. ನಾನು ಬೆಳ್ಳಗಿಲ್ಲ. ಎಣ್ಣೆಗೆಂಪು, ಗೋಧಿ ಬಣ್ಣ ಅಂತ ನಾವು ಮರ್ಯಾದೆಗೆ ಹೇಳುತ್ತೇವಲ್ಲ, ಅದೂ ಅಲ್ಲ. ಸರಿಯಾದ ಕಪ್ಪು.

ಈ ಸಲ ಉದ್ಘೋಷಕರ ಫೋಟೋಗಳನ್ನೂ ಹಾಕೋಣ ಎಂದು ನಮ್ಮ ವಿಭಾಗದಲ್ಲಿ ತೀರ್ಮಾನವಾಯಿತು. ಮನೆ ಹತ್ತಿರದ ಒಂದು ಸ್ಟುಡಿಯೋಗೆ ಹೋದೆ. ಫೋಟೋ ತೆಗೆದವರು ಉಡುಪಿ ಕಡೆಯವರು, ಕನ್ನಡದಲ್ಲೇ ಮಾತಾಡಿಸಿದರು, ಚಹಾ ತರಿಸಿದರು. ಮರುದಿನ ಲಕೋಟೆ ತೆರೆದು ನೋಡಿದರೆ ಅದರಲ್ಲಿ ಬೇರೆ ಯಾರೋ ಇದ್ದರು! ನನ್ನ ಸೀರೆ, ನನ್ನ ಓಲೆ, ನನ್ನ ಮೂಗು. ಮುಖ ಮಾತ್ರ ಹಾಲಿನಲ್ಲಿ ಅದ್ದಿ ತೆಗೆದ ಹಾಗೆ.

"ಇದೇನ್ರೀ?" ಎಂದು ಕೇಳಿದೆ.

"ಸ್ವಲ್ಪ ಬ್ರೈಟ್ ಮಾಡಿದ್ದೇನೆ ಮೇಡಂ. ಎಲ್ಲರೂ ಹಾಗೇ ಕೇಳ್ತಾರೆ. ಇದಕ್ಕೆ ಎಕ್ಸ್‌ಟ್ರಾ ದುಡ್ಡಿಲ್ಲ" ಎಂದರು. ಪಾಪ, ಉಪಕಾರ ಮಾಡಿದೆ ಅನ್ನುವ ಧಾಟಿಯಲ್ಲೇ ಹೇಳಿದರು. ನನಗೆ ಸಿಟ್ಟು ಮಾಡಲೂ ಆಗಲಿಲ್ಲ.

ಮನೆಗೆ ಬರುವಾಗ ರೈಲಿನಲ್ಲಿ ನನ್ನ ಅಕ್ಕ ನೆನಪಾದಳು. ಸುಮಾರು 20 ವರ್ಷದ ಹಿಂದೆ, ಹುಬ್ಬಳ್ಳಿಯಲ್ಲಿ, ಅವಳಿಗೆ ಗಂಡು ನೋಡುವ ಕಾಲ. ಅವ್ವ ಅವಳನ್ನು ಸ್ಟುಡಿಯೋಗೆ ಕರೆದೊಯ್ದು ಫೋಟೋ ತೆಗೆಸಿದ್ದಳು. ಅದರಲ್ಲೂ ಅಕ್ಕ ಬೆಳ್ಳಗಾಗಿದ್ದಳು. ಫೋಟೋ ನೋಡಿ ಒಪ್ಪಿದವರು ಮನೆಗೆ ಬಂದರು, ಅವಲಕ್ಕಿ ತಿಂದರು, ಅಕ್ಕನನ್ನು ಮೇಲಿನಿಂದ ಕೆಳಗೆ ನೋಡಿದರು. ಹುಡುಗನ ತಾಯಿ ಹೇಳಿದ ಮಾತು ನನಗಿನ್ನೂ ಕಿವಿಯಲ್ಲಿದೆ. "ಫೋಟೋದಾಗ ಇದ್ದಂಗ ಹುಡುಗಿ ಇಲ್ಲಲ್ರೀ."

ಅವತ್ತು ಅಕ್ಕ ಸೋತದ್ದು ಬೇರೆ ಯಾವ ಹುಡುಗಿಯ ಮುಂದೆಯೂ ಅಲ್ಲ, ತನ್ನದೇ ಫೋಟೋದ ಮುಂದೆ.

ಹಾಗಾದರೆ ತಪ್ಪು ಯಾರದು? ಸ್ಟುಡಿಯೋದವರದೇ? ಕ್ಯಾಮೆರಾ ಸುಳ್ಳು ಹೇಳುವುದಿಲ್ಲ ಅನ್ನುತ್ತಾರೆ. ಈ ಪ್ರಶ್ನೆಯ ಬೆನ್ನು ಹತ್ತಿ ಓದುತ್ತಾ ಹೋದಾಗ ನನಗೆ ತಿಳಿದದ್ದನ್ನು ಇವತ್ತು ನಿಮ್ಮ ಜೊತೆ ಹಂಚಿಕೊಳ್ಳುತ್ತೇನೆ. ಇದು ಬಹುಪಾಲು ಅಮೆರಿಕ ಮತ್ತು ಆಫ್ರಿಕಾದ ಕತೆ. ಆದರೆ ಓದುತ್ತಾ ನಿಮ್ಮ ಮನೆಯ ಆಲ್ಬಂ ನೆನಪಾಗದಿದ್ದರೆ ಕೇಳಿ.

ಮೊದಲು ಒಂದು ಸಣ್ಣ ತಮಾಷೆ. ಕಪ್ಪು ಬಿಳುಪು ಫೋಟೋಗಳ ಕಾಲದಲ್ಲಿ ಸ್ಟುಡಿಯೋಗಳಲ್ಲಿ ರಿಟಚಿಂಗ್ ಎಂಬ ಕೆಲಸವಿತ್ತು. ನೆಗೆಟಿವನ್ನು ಬೆಳಕಿಗೆ ಎದುರಾಗಿ ಇಟ್ಟುಕೊಂಡು, ಚೂಪು ಮಾಡಿದ ಪೆನ್ಸಿಲ್ಲಿನಿಂದ ಮುಖದ ಮೇಲೆ ಸಣ್ಣ ಸಣ್ಣ ಗೀಟು ಹಾಕುವುದು. ನೆಗೆಟಿವಿನಲ್ಲಿ ಎಲ್ಲವೂ ತಿರುಗುಮುರುಗು. ಅಲ್ಲಿ ಕಪ್ಪು ಹೆಚ್ಚಿದಷ್ಟೂ ಪ್ರಿಂಟಿನಲ್ಲಿ ಮುಖ ಬೆಳ್ಳಗಾಗುತ್ತದೆ. ಅಂದರೆ ನಮ್ಮ ಅಜ್ಜಿಯರ ಕಾಲದಲ್ಲಿ ಮುಖವನ್ನು ಬೆಳ್ಳಗೆ ಮಾಡಿದ್ದು ಪೆನ್ಸಿಲ್ಲಿನ ಕಪ್ಪು ಪುಡಿಯೇ!

ಈಗ ಇತಿಹಾಸಕ್ಕೆ ಬರೋಣ.

ಫೋಟೋ ತೆಗೆಯುವ ವಿದ್ಯೆ ಜಗತ್ತಿಗೆ ತಿಳಿದದ್ದು 1839ರಲ್ಲಿ. ಅದರ ಹಿಂದಿನ ವರ್ಷ, 1838ರಲ್ಲಿ, ಅಮೆರಿಕದ ಮೇರಿಲ್ಯಾಂಡಿನಿಂದ ಸುಮಾರು 20 ವರ್ಷದ ಒಬ್ಬ ಗುಲಾಮ ತಪ್ಪಿಸಿಕೊಂಡು ಓಡಿಹೋದ. ಹೆಸರು ಫ್ರೆಡೆರಿಕ್ ಡಗ್ಲಾಸ್. ಮುಂದೆ ಅವರು ಗುಲಾಮಗಿರಿಯ ವಿರುದ್ಧ ಮಾತಾಡಿದ ಅತಿ ದೊಡ್ಡ ವಾಗ್ಮಿಗಳಲ್ಲಿ ಒಬ್ಬರಾದರು, ಪತ್ರಿಕೆ ನಡೆಸಿದರು, ಆತ್ಮಕಥೆ ಬರೆದರು. ಇವಿಷ್ಟೂ ಶಾಲೆಯ ಪುಸ್ತಕಗಳಲ್ಲಿ ಸಿಗುತ್ತವೆ. ಅಷ್ಟಾಗಿ ಸಿಗದ ಒಂದು ಸಂಗತಿ ಎಂದರೆ, 19ನೇ ಶತಮಾನದ ಅಮೆರಿಕದಲ್ಲಿ ಅತಿ ಹೆಚ್ಚು ಸಲ ಫೋಟೋ ತೆಗೆಸಿಕೊಂಡವರು ಇವರೇ ಎಂದು ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಸುಮಾರು 160 ಬೇರೆ ಬೇರೆ ಚಿತ್ರಗಳು ಸಿಕ್ಕಿವೆ. ಅಧ್ಯಕ್ಷ ಅಬ್ರಹಾಂ ಲಿಂಕನ್ನರದೂ ಇಷ್ಟಿಲ್ಲ.

ಇದೇನು ಶೋಕಿಯೇ? ಅಲ್ಲ. ಆ ಕಾಲದ ಪತ್ರಿಕೆಗಳಲ್ಲಿ, ಜಾಹೀರಾತುಗಳಲ್ಲಿ ಕಪ್ಪು ಜನರನ್ನು ಕೈಯಿಂದ ಬರೆಯುತ್ತಿದ್ದ ರೀತಿ ಅಸಹ್ಯವಾಗಿತ್ತು. ತುಟಿ ದೊಡ್ಡದು, ಹಣೆ ಚಿಕ್ಕದು, ಹಲ್ಲು ಕಿಸಿದ ನಗು. ಬಿಳಿಯ ಕಲಾವಿದರ ಕೈಯಿಂದ ಕಪ್ಪು ಮುಖದ ಪಕ್ಷಪಾತವಿಲ್ಲದ ಚಿತ್ರ ಬರುವುದು ಬಹಳ ಕಷ್ಟ ಎಂದು ಡಗ್ಲಾಸ್ 1849ರಲ್ಲೇ ತಮ್ಮ ಪತ್ರಿಕೆಯಲ್ಲಿ ಬರೆದಿದ್ದರು. ಕ್ಯಾಮೆರಾದ ಮುಂದೆ ಮಾತ್ರ ಅವರು ತಮಗೆ ಬೇಕಾದ ಹಾಗೆ ಕೂರಬಹುದಿತ್ತು. ಒಳ್ಳೆ ಕೋಟು, ಬಾಚಿದ ಕೂದಲು, ನೇರ ನೋಟ. ನಗು ಇಲ್ಲ. ಕುಣಿದು ನಗಿಸುವ ಕರಿಯನ ಚಿತ್ರಗಳೇ ತುಂಬಿದ್ದ ದೇಶದಲ್ಲಿ ಆ ಗಂಭೀರ ಮುಖವೇ ಒಂದು ಭಾಷಣ. 1861ರಲ್ಲಿ, ಅಲ್ಲಿ ಅಂತರ್ಯುದ್ಧ ನಡೆಯುತ್ತಿದ್ದಾಗ, ಅವರು ಬಾಸ್ಟನ್ನಿನಲ್ಲಿ ಚಿತ್ರಗಳ ಮೇಲೆಯೇ ಒಂದು ಉಪನ್ಯಾಸ ಕೊಟ್ಟರು ಎಂದರೆ, ಈ ವಿಷಯ ಅವರಿಗೆ ಎಷ್ಟು ಮುಖ್ಯವಾಗಿತ್ತು ಎಂದು ಊಹಿಸಿ.

ಆಮೇಲೆ 1900ರ ಪ್ಯಾರಿಸ್ ಜಾಗತಿಕ ಪ್ರದರ್ಶನ. ಸಮಾಜಶಾಸ್ತ್ರಜ್ಞ ಡಬ್ಲ್ಯು. ಇ. ಬಿ. ಡುಬಾಯ್ಸ್ (ನಮ್ಮ ಲಾಲಾ ಲಜಪತ ರಾಯರಿಗೆ ಮುಂದೆ ಸ್ನೇಹಿತರಾದವರು) ಅಲ್ಲಿಗೆ ಆಲ್ಬಂಗಳಲ್ಲಿ 363 ಫೋಟೋ ಜೋಡಿಸಿ ಕಳಿಸಿದರು. ಹೆಚ್ಚಿನವು ಜಾರ್ಜಿಯಾ ರಾಜ್ಯದ ಕಪ್ಪು ಜನರವು. ಪಿಟೀಲು ಹಿಡಿದವರು, ಓದುವ ಹುಡುಗಿಯರು, ಅಂಗಡಿಯವರು, ಮನೆಯ ಮೆಟ್ಟಿಲ ಮೇಲೆ ಕೂತ ಸಂಸಾರಗಳು. ಕಡು ಕಪ್ಪಿನಿಂದ ಹಿಡಿದು ಬಿಳಿಯರಂತೆಯೇ ಕಾಣುವವರ ತನಕ ಎಲ್ಲ ಬಣ್ಣದವರೂ ಆ ಪುಟಗಳಲ್ಲಿದ್ದಾರೆ. "ಕಪ್ಪು ಜನ" ಎಂದು ಒಂದೇ ಮಾತಿನಲ್ಲಿ ಅಳೆಯುತ್ತೀರಲ್ಲ, ಯಾವ ಕಪ್ಪು ಹೇಳಿ ನೋಡೋಣ ಎಂದು ಆ ಆಲ್ಬಂ ಕೇಳುವ ಹಾಗಿದೆ.

ಇಲ್ಲಿಯವರೆಗೆ ಎಲ್ಲ ಕಪ್ಪು ಬಿಳುಪು. ಬಣ್ಣದ ಫಿಲ್ಮ್ ಬಂದ ಮೇಲೆ ಕತೆ ಬೇರೆಯೇ ತಿರುವು ಪಡೆಯಿತು.

ಆಗ ಅಮೆರಿಕದಲ್ಲಿ ಬಣ್ಣದ ಫಿಲ್ಮ್ ಎಂದರೆ ಕೊಡಾಕ್. ಫಿಲ್ಮ್ ಮಾರುವವರೂ ಅವರೇ, ತೊಳೆದು ಪ್ರಿಂಟ್ ಹಾಕುವವರೂ ಅವರೇ. 1954ರಲ್ಲಿ ಅಲ್ಲಿನ ಸರ್ಕಾರ ಈ ಏಕಸ್ವಾಮ್ಯವನ್ನು ಮುರಿಯಿತು. ಬೇರೆ ಲ್ಯಾಬುಗಳೂ ಪ್ರಿಂಟ್ ಹಾಕಬಹುದು ಎಂದಾಯಿತು. ಆದರೆ ಎಲ್ಲ ಕಡೆ ಬಣ್ಣ ಒಂದೇ ಥರ ಬರಬೇಕಲ್ಲ? ಅದಕ್ಕೆ ಕೊಡಾಕ್ ಒಂದು ಮಾದರಿ ಚಿತ್ರ ತಯಾರಿಸಿ ಲ್ಯಾಬುಗಳಿಗೆ ಕಳಿಸತೊಡಗಿತು. ಒಬ್ಬ ಬಿಳಿಯ ಹೆಂಗಸು, ಸುತ್ತ ಗಾಢ ಬಣ್ಣದ ವಸ್ತುಗಳು. ಮೊದಲ ಮಾದರಿಯಾದಾಕೆ ಶರ್ಲಿ ಎಂಬ ಕಂಪನಿಯ ಉದ್ಯೋಗಿ. ಆಮೇಲೆ ರೂಪದರ್ಶಿಯರು ಬದಲಾದರೂ ಹೆಸರು ಉಳಿಯಿತು. ಅದೇ ಶರ್ಲಿ ಕಾರ್ಡ್. ಲ್ಯಾಬಿನವರು ಪ್ರಿಂಟನ್ನು ಆ ಕಾರ್ಡಿನ ಪಕ್ಕ ಇಟ್ಟು, ಶರ್ಲಿಯ ಚರ್ಮ ಸರಿಯಾಗಿ ಬಂತೆಂದರೆ ಯಂತ್ರ ಸರಿಯಾಗಿದೆ ಎಂದು ತಿಳಿಯುತ್ತಿದ್ದರು. ಕಾರ್ಡಿನ ಮೇಲೆ "ನಾರ್ಮಲ್" ಎಂದು ಅಚ್ಚು ಹಾಕಿರುತ್ತಿತ್ತು.

ನಾರ್ಮಲ್! ಆ ಒಂದು ಮಾತು ಗಮನಿಸಿ. ಮನೆಯಲ್ಲಿ ಅಜ್ಜಿ ಹೇಳುವ "ಹುಡುಗಿ ಲಕ್ಷಣವಾಗಿದ್ದಾಳೆ, ಆದರೆ ಬಣ್ಣ ಸ್ವಲ್ಪ ಕಮ್ಮಿ" ಎಂಬ ಮಾತೂ ಇದೇ ಅಲ್ಲವೇ? ಬಣ್ಣ ಕಮ್ಮಿ ಎನ್ನಬೇಕಾದರೆ ಪೂರ್ತಿ ಬಣ್ಣ ಯಾವುದು ಎಂದು ಯಾರೋ ಮೊದಲೇ ಕಾರ್ಡ್ ಅಚ್ಚು ಹಾಕಿಟ್ಟಿರಬೇಕು.

ಪರಿಣಾಮ ಏನಾಯಿತೆಂದರೆ, ಬಿಳಿಯರೂ ಕಪ್ಪು ಜನರೂ ಒಟ್ಟಿಗೆ ನಿಂತ ಶಾಲೆಯ ಗ್ರೂಪ್ ಫೋಟೋಗಳಲ್ಲಿ ಬಿಳಿ ಮಕ್ಕಳ ಮುಖ ಚೆನ್ನಾಗಿ ಬರುತ್ತಿತ್ತು, ಕಪ್ಪು ಮಕ್ಕಳ ಮುಖದಲ್ಲಿ ಕಣ್ಣು ಹಲ್ಲು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಕಪ್ಪು ಚರ್ಮ ಬೆಳಕನ್ನು ಕಡಿಮೆ ಹಿಂತಿರುಗಿಸುತ್ತದೆ. ಹಾಗಾಗಿ ಅದಕ್ಕೆ ಬೆಳಕು ಹೆಚ್ಚು ಕೊಡಬೇಕು, ಫಿಲ್ಮೂ ಕಂದು ಛಾಯೆಗಳ ಸೂಕ್ಷ್ಮ ಹಿಡಿಯುವಂತಿರಬೇಕು. ಅದು ಅಸಾಧ್ಯವೇನಲ್ಲ. ಮಾಡಬೇಕು ಎಂದು ಯಾರಿಗೂ ಅನ್ನಿಸಿರಲಿಲ್ಲ, ಅಷ್ಟೇ. ತಾಯಂದಿರು ದೂರಿದರು. ಆದರೆ ಕಂಪನಿಯ ಮೇಲೆ ಹೆಚ್ಚಿನ ಒತ್ತಡ ಬಂದದ್ದು ಎಲ್ಲಿಂದ ಗೊತ್ತೇ? ಚಾಕೊಲೇಟ್ ಮಾಡುವವರಿಂದ ಮತ್ತು ಮರದ ಪೀಠೋಪಕರಣ ಮಾರುವವರಿಂದ! ಜಾಹೀರಾತಿನಲ್ಲಿ ಕಡು ಚಾಕೊಲೇಟಿಗೂ ಹಾಲಿನ ಚಾಕೊಲೇಟಿಗೂ, ಒಂದು ಮರಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಕಾಣುತ್ತಿಲ್ಲ ಎಂಬುದು ಅವರ ದೂರು. 1980ರ ದಶಕದಲ್ಲಿ ಫಿಲ್ಮ್ ಸುಧಾರಿಸಿತು. ಆಗಲೂ ಕಂಪನಿ ಹೇಳಿಕೊಂಡದ್ದು, ಮಂದ ಬೆಳಕಿನಲ್ಲಿ ಕಪ್ಪು ಕುದುರೆಯ ವಿವರಗಳೂ ಇದರಲ್ಲಿ ಬರುತ್ತವೆ ಎಂದು. ಕುದುರೆ ಎಂದರು, ಮನುಷ್ಯ ಎನ್ನಲಿಲ್ಲ. ಕಪ್ಪು, ಕಂದು, ಬಿಳಿ ಮುಖಗಳು ಒಟ್ಟಿಗಿದ್ದ ಕಾರ್ಡ್ ಬಂದದ್ದು 1990ರ ದಶಕದಲ್ಲಿ.

ಆದರೆ ಶ್ರೋತೃಗಳೇ, ಕಂಪನಿಗಳು ಸರಿಹೋಗಲಿ ಎಂದು ಜನ ಕಾಯುತ್ತಾ ಕೂರಲಿಲ್ಲ. ನನಗೆ ಅತಿ ಇಷ್ಟವಾದ ಭಾಗ ಇದು.

ಪಶ್ಚಿಮ ಆಫ್ರಿಕಾದ ಮಾಲಿ ದೇಶದ ರಾಜಧಾನಿ ಬಮಾಕೊ. ಅಲ್ಲಿ ಸೇದು ಕೀತಾ ಎಂಬುವರು 1948ರಲ್ಲಿ ಒಂದು ಸ್ಟುಡಿಯೋ ತೆರೆದರು. ಹುಡುಗನಾಗಿದ್ದಾಗ ಚಿಕ್ಕಪ್ಪ ತಂದುಕೊಟ್ಟ ಒಂದು ಬ್ರೌನಿ ಕ್ಯಾಮೆರಾದಿಂದ ಶುರುವಾದ ಹುಚ್ಚು. ಆಗ ಮಾಲಿ ಫ್ರೆಂಚರ ಕೈಯಲ್ಲಿತ್ತು. ಕೀತಾ ಅಂಗಳದಲ್ಲಿ, ಹಗಲ ಬೆಳಕಿನಲ್ಲಿ, ಹೂವಿನ ಚಿತ್ತಾರದ ಹಾಸಿಗೆ ಹೊದಿಕೆಯೊಂದನ್ನು ಹಿಂದೆ ತೂಗುಹಾಕಿ ಫೋಟೋ ತೆಗೆಯುತ್ತಿದ್ದರು. ಗಿರಾಕಿಗಳು ಹಿಡಿದುಕೊಳ್ಳಲು ವಾಚು, ಪೆನ್ನು, ಪ್ಲಾಸ್ಟಿಕ್ ಹೂವು ಇಟ್ಟಿರುತ್ತಿದ್ದರು. ಒಂದು ರೇಡಿಯೋ ಕೂಡ! ರೇಡಿಯೋ ಪಕ್ಕದಲ್ಲಿ ಕೂತು ಫೋಟೋ ತೆಗೆಸಿಕೊಳ್ಳುವುದು ಅಲ್ಲೂ ಒಂದು ಹೆಮ್ಮೆಯೇ ಆಗಿತ್ತು ಎಂದು ತಿಳಿದು ನನಗೆ ಖುಷಿಯಾಯಿತು. ಆ ಚಿತ್ರಗಳಲ್ಲಿ ಕಪ್ಪು ಚರ್ಮ ಹೊಳೆಯುತ್ತದೆ. ಯಾಕೆಂದರೆ ಬೆಳಕನ್ನು ಲೆಕ್ಕ ಹಾಕಿದ್ದೇ ಆ ಚರ್ಮಕ್ಕೆ. ಹೊರಗಿನ ಜಗತ್ತು ಅವನ್ನು ಕಂಡದ್ದು 1990ರ ದಶಕದಲ್ಲಿ. ಅಷ್ಟರಲ್ಲಿ ಕೀತಾ ಮುದುಕರಾಗಿದ್ದರು. 2001ರಲ್ಲಿ ತೀರಿಕೊಂಡರು.

ಇನ್ನೊಬ್ಬರು ನ್ಯೂಯಾರ್ಕಿನ ಕ್ವಾಮೆ ಬ್ರಾತ್‌ವೇಟ್. 1938ರಲ್ಲಿ ಹುಟ್ಟಿದವರು. 1955ರಲ್ಲಿ ಎಮೆಟ್ ಟಿಲ್ ಎಂಬ 14 ವರ್ಷದ ಕಪ್ಪು ಹುಡುಗನನ್ನು ಬಿಳಿಯರು ಕೊಂದರು. ಮಗನ ಜಜ್ಜಿಹೋದ ಮುಖವನ್ನು ಎಲ್ಲರೂ ನೋಡಲಿ ಎಂದು ಅವನ ತಾಯಿ ಶವಪೆಟ್ಟಿಗೆ ತೆರೆದೇ ಇರಿಸಿದರು. ಪತ್ರಿಕೆಯಲ್ಲಿ ಆ ಫೋಟೋ ನೋಡಿದ 17 ವರ್ಷದ ಬ್ರಾತ್‌ವೇಟ್‌ಗೆ ಚಿತ್ರದ ಶಕ್ತಿ ಏನೆಂದು ಅರ್ಥವಾಯಿತು. ಮರುವರ್ಷ ಒಂದು ಜಾಝ್ ಕ್ಲಬ್ಬಿನ ಮಬ್ಬುಗತ್ತಲಲ್ಲಿ ಯುವಕನೊಬ್ಬ ಫ್ಲ್ಯಾಶ್ ಇಲ್ಲದೆ ಫೋಟೋ ತೆಗೆಯುವುದನ್ನು ಕಂಡು, ಹೀಗೂ ಸಾಧ್ಯವೇ ಎಂದು ತಾವೂ ಕ್ಯಾಮೆರಾ ಹಿಡಿದರು. ತಮ್ಮ ಪುಟ್ಟ ಮನೆಯಲ್ಲೇ ಡಾರ್ಕ್‌ರೂಮ್ ಮಾಡಿಕೊಂಡರು.

ಆ ಕಾಲದಲ್ಲಿ ಅಮೆರಿಕದ ಕಪ್ಪು ಜನರದೇ ಪತ್ರಿಕೆಗಳಲ್ಲೂ ಚರ್ಮ ಬಿಳಿಚಿಸುವ ಕ್ರೀಮು, ಕೂದಲು ನೇರ ಮಾಡುವ ಔಷಧಿಗಳ ಜಾಹೀರಾತು ಬರುತ್ತಿದ್ದವು. ಕಪ್ಪು ಸುಂದರಿ ಎಂದರೆ ತಿಳಿ ಬಣ್ಣದವಳೇ. ಗಮನಿಸಿ, ಇದು ಬಿಳಿಯರು ಕಪ್ಪು ಜನರಿಗೆ ಮಾಡಿದ್ದಲ್ಲ, ತಮ್ಮವರೇ ತಮ್ಮವರಿಗೆ ಮಾಡಿಕೊಂಡದ್ದು. ನಮ್ಮ ಮನೆಗಳ ಕತೆಗೆ ತೀರ ಹತ್ತಿರದ್ದು.

ಬ್ರಾತ್‌ವೇಟ್, ಅವರ ಅಣ್ಣ ಎಲೊಂಬೆ ಬ್ರಾತ್ ಮತ್ತು ಗೆಳೆಯರು ಇದಕ್ಕೊಂದು ಉತ್ತರ ಹುಡುಕಿದರು. ಕಡು ಬಣ್ಣದ, ಕೂದಲನ್ನು ಹುಟ್ಟಿದ ಹಾಗೇ ಬಿಟ್ಟ ಹೆಣ್ಣುಮಕ್ಕಳನ್ನು ಸೇರಿಸಿ ಗ್ರಂದಾಸಾ ಮಾಡೆಲ್ಸ್ ಎಂಬ ತಂಡ ಕಟ್ಟಿದರು. 1962ರ ಜನವರಿ 28ರಂದು ಹಾರ್ಲೆಮ್ ಬಡಾವಣೆಯ ಪರ್ಪಲ್ ಮ್ಯಾನರ್ ಎಂಬ ಕ್ಲಬ್ಬಿನಲ್ಲಿ ಅವರ ಮೊದಲ ಪ್ರದರ್ಶನ. ಹೆಸರು "ನ್ಯಾಚುರಲಿ '62". ಜನ ಎಷ್ಟು ಬಂದರೆಂದರೆ ಅದೇ ದಿನ ಎರಡನೇ ಸಲವೂ ನಡೆಸಬೇಕಾಯಿತು. ಒಂದೇ ಸಲ ಎಂದು ಶುರುವಾದದ್ದು 1992ರವರೆಗೆ ನಡೆಯಿತು! "ಬ್ಲ್ಯಾಕ್ ಈಸ್ ಬ್ಯೂಟಿಫುಲ್" ಎಂಬ ಘೋಷಣೆ ಮನೆಮಾತಾಗುವುದಕ್ಕೆ ಬ್ರಾತ್‌ವೇಟರ ಚಿತ್ರಗಳು ದೊಡ್ಡ ಕಾರಣ. ಹಳದಿ, ನೀಲಿ, ಕಿತ್ತಳೆ ಹಿನ್ನೆಲೆಯ ಮುಂದೆ, ಕಿವಿಯಲ್ಲಿ ದೊಡ್ಡ ಓಲೆ ಹಾಕಿದ ಆ ಮುಖಗಳನ್ನು ನೋಡಿ. ಯಾರೂ ಕ್ಷಮೆ ಕೇಳುವ ಹಾಗೆ ಕೂತಿಲ್ಲ. ಅವರು 2023ರಲ್ಲಿ ತೀರಿಕೊಂಡರು.

ಈಗ ನಮ್ಮ ಕಡೆ ನೋಡೋಣ. ಅಮೆರಿಕದಲ್ಲಿ ಶರ್ಲಿ ಇದ್ದಹಾಗೆ ನಮಗೂ ಮಾದರಿ ಚಿತ್ರಗಳಿದ್ದವು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ಹಾಕಿದರು. ಆಮೇಲೆ ಅದು ಲೋನಾವಳದ ಹತ್ತಿರದ ಮಳವಳಿಗೆ ಹೋಯಿತು. ಮುಂಬಯಿ ಪುಣೆ ಶ್ರೋತೃಗಳು ರೈಲಿನಲ್ಲಿ ಆ ಊರು ದಾಟಿಯೇ ಇರುತ್ತೀರಿ. ಅಲ್ಲಿ ಅಚ್ಚಾದ ದೇವರ ಪಟಗಳು ಮನೆಮನೆಯ ಗೋಡೆ ಸೇರಿದವು. ಅವುಗಳ ಲಕ್ಷ್ಮಿ ಬೆಳ್ಳಗಿದ್ದಳು. ಆಮೇಲಿನ ಕ್ಯಾಲೆಂಡರುಗಳ ದೇವರುಗಳೂ ಹೆಚ್ಚಾಗಿ ಅದೇ ದಾರಿ ಹಿಡಿದರು. 1975ರಲ್ಲಿ ಫೇರ್ ಅಂಡ್ ಲವ್ಲಿ ಬಂತು. ಮುಂದಿನದು ನಿಮಗೆಲ್ಲ ಗೊತ್ತು.

ಉತ್ತರ ಹುಡುಕಿದವರೂ ನಮ್ಮಲ್ಲಿದ್ದಾರೆ. ಚೆನ್ನೈನ ಕವಿತಾ ಇಮ್ಯಾನುಯೆಲ್ ಅವರ ವಿಮೆನ್ ಆಫ್ ವರ್ತ್ ಸಂಸ್ಥೆ 2009ರಲ್ಲಿ "ಡಾರ್ಕ್ ಈಸ್ ಬ್ಯೂಟಿಫುಲ್" ಅಭಿಯಾನ ಆರಂಭಿಸಿತು. 2013ರಲ್ಲಿ ನಟಿ ನಂದಿತಾ ದಾಸ್ ಅದಕ್ಕೆ ದನಿಗೂಡಿಸಿದರು. 2014ರಲ್ಲಿ ಜಾಹೀರಾತು ಮಾನದಂಡ ಮಂಡಳಿ, ಕಪ್ಪು ಬಣ್ಣದವರನ್ನು ಕೀಳಾಗಿ, ಸೋತವರಾಗಿ ತೋರಿಸಬಾರದು ಎಂದು ನಿಯಮ ಮಾಡಿತು. 2017ರಲ್ಲಿ ಚೆನ್ನೈನವರೇ ಆದ ಭರದ್ವಾಜ್ ಸುಂದರ್ ಮತ್ತು ಛಾಯಾಗ್ರಾಹಕ ನರೇಶ್ ನಿಲ್ "ಡಾರ್ಕ್ ಈಸ್ ಡಿವೈನ್" ಎಂಬ ಚಿತ್ರಮಾಲೆ ಮಾಡಿದರು. ಅದರಲ್ಲಿ ಲಕ್ಷ್ಮಿ, ಸರಸ್ವತಿ, ಸೀತೆ, ಶಿವ, ಕೃಷ್ಣ ಎಲ್ಲರೂ ಕಪ್ಪು. ಅದನ್ನು ನೋಡುವಾಗ ನನಗೆ ಅನ್ನಿಸಿತು, ಇವರು ನಮ್ಮ ಬೀದಿಯವರಲ್ಲವೇ! 2020ರಲ್ಲಿ ಆ ಕ್ರೀಮು ತನ್ನ ಹೆಸರಿನಿಂದ "ಫೇರ್" ತೆಗೆಯಿತು, ದೊಡ್ಡದೊಂದು ವಧುವರ ಜಾಲತಾಣ ಚರ್ಮದ ಬಣ್ಣದಿಂದ ಹುಡುಕುವ ಸೌಲಭ್ಯ ತೆಗೆದುಹಾಕಿತು. ಹೆಸರು ಹೋಯಿತು. ಆಸೆ ಹೋಯಿತೇ? ನನ್ನ ಲಕೋಟೆ ಬೇರೆಯದನ್ನೇ ಹೇಳುತ್ತದೆ.

ಡಗ್ಲಾಸ್, ಕೀತಾ, ಬ್ರಾತ್‌ವೇಟ್ ಇವರಿಂದ ನಾನು ಕಲಿತದ್ದು ಒಂದೇ ಮಾತು. ಕ್ಯಾಮೆರಾಕ್ಕೆ ಸ್ವಂತ ಕಣ್ಣಿಲ್ಲ. ಸರಿಯಾದ ಮುಖ ಯಾವುದು ಎಂದು ಅದಕ್ಕೆ ಯಾರೋ ಮನುಷ್ಯರು ಹೇಳಿಕೊಡುತ್ತಾರೆ. ಇಷ್ಟು ದಿನ ಬೇರೆಯವರು ಹೇಳಿಕೊಟ್ಟರು. ನಾವೂ ಹೇಳಿಕೊಡಬಹುದು.

ಕನ್ನಡ ಬಿ.ಎ. ಓದಿದವಳಾದ್ದರಿಂದ ಒಂದು ಮಾತು ಸೇರಿಸದೆ ಇರಲಾರೆ. ನಮ್ಮ ನುಡಿಯನ್ನು ನಾವು ಕಸ್ತೂರಿ ಕನ್ನಡ ಎಂದು ಹೊಗಳುತ್ತೇವೆ. ಕಸ್ತೂರಿಯ ಬಣ್ಣ ಯಾವುದು? ಕಪ್ಪು. ಕರ್ನಾಟಕ ಎಂಬ ಹೆಸರೇ ಕರಿಮಣ್ಣಿನ ನಾಡು ಎಂಬುದರಿಂದ ಬಂದದ್ದು ಎಂಬ ಅಭಿಪ್ರಾಯವೂ ಇದೆ. ಕರಿಯಮ್ಮನಿಗೆ ಹಣ್ಣುಕಾಯಿ ಮಾಡಿಸುವ ನಾವು ಮನೆಯ ಕರಿಯಮ್ಮನಿಗೆ ಅರಿಶಿನ, ಕಡಲೆಹಿಟ್ಟು ಹಚ್ಚಿ ತಿಕ್ಕುತ್ತೇವಲ್ಲ, ಇದೆಂಥ ನ್ಯಾಯ?

ನಾನು ಆ ಸ್ಟುಡಿಯೋಗೆ ವಾಪಸು ಹೋದೆ. "ಮೊದಲು ತೆಗೆದದ್ದೇ ಕೊಡಿ" ಎಂದೆ. ಅವರು ಕಂಪ್ಯೂಟರಿನಲ್ಲಿ ಹಳೆಯದನ್ನು ತೆರೆದರು. ಇಬ್ಬರೂ ಸ್ವಲ್ಪ ಹೊತ್ತು ನೋಡಿದೆವು. ಅದರಲ್ಲಿ ಮುಖ ನಿಜಕ್ಕೂ ಸ್ವಲ್ಪ ಮಂಕಾಗಿತ್ತು, ಯಾಕೆಂದರೆ ಬೆಳಕನ್ನು ಹೊಂದಿಸಿದ್ದು ನನ್ನ ಬಿಳಿ ಸೀರೆಗೆ. "ಇನ್ನೊಂದು ಸಲ ತೆಗೆಯೋಣವಾ?" ಎಂದು ಅವರೇ ಕೇಳಿದರು. ಈ ಸಲ ಲೈಟನ್ನು ಪಕ್ಕಕ್ಕೆ ತಂದರು, ಹತ್ತಿರ ಇಟ್ಟರು, ಮುಖಕ್ಕೆ ಲೆಕ್ಕ ಹಾಕಿದರು. ಆಮೇಲೆ ಏನೂ ತಿದ್ದಲಿಲ್ಲ. ಫೋಟೋ ನೋಡಿ, "ಪರವಾಗಿಲ್ಲವೇ ಮೇಡಂ, ಚಂದ ಬಂದಿದೆ" ಎಂದು ತಮಗೇ ಆಶ್ಚರ್ಯವಾದವರ ಹಾಗೆ ಹೇಳಿದರು.

ಈ ಲೇಖನದ ಜೊತೆ ನೀವು ನೋಡುತ್ತಿರುವುದು ಅದೇ ಫೋಟೋ. ಅಚ್ಚಿಗೆ ಕೊಡುವ ಮೊದಲು ಅಕ್ಕನಿಗೆ ಕಳಿಸಿದ್ದೆ. ಅವಳೀಗ ಧಾರವಾಡದಲ್ಲಿ ಶಾಲೆಯ ಟೀಚರು. ರಾತ್ರಿ ಫೋನು ಮಾಡಿದಳು. "ಈಗ ನೋಡು, ನಮ್ಮ ಮನಿ ಹುಡುಗಿ ಅನಸ್ತಿ" ಎಂದಳು. ಆಮೇಲೆ ಸ್ವಲ್ಪ ಸುಮ್ಮನಿದ್ದು, "ನಂದೂ ಒಂದು ಹಿಂಗ ತಗಸಬೇಕಲ್ಲ" ಎಂದಳು.

ಮುಂದಿನ ಸಲ ಮನೆಯಲ್ಲಿ ಮದುವೆಯೋ ಹಬ್ಬವೋ ಬಂದಾಗ, ಫೋಟೋ ತೆಗೆಯುವ ಮೊದಲು ಗುಂಪಿನಲ್ಲಿ ಅತಿ ಕಪ್ಪಗಿರುವವರು ಯಾರೆಂದು ನೋಡಿ. ಅವರನ್ನು ಹಿಂದಿನ ಸಾಲಿನಿಂದ ಕಿಟಕಿಯ ಬೆಳಕಿಗೆ ಕರೆತನ್ನಿ. ಮೊಬೈಲಿನಲ್ಲಾದರೆ ಪರದೆಯ ಮೇಲೆ ಅವರ ಮುಖ ಒತ್ತಿ, ಬೆಳಕು ಅವರಿಗೆ ಹೊಂದಿಕೊಳ್ಳಲಿ. ಬೆಳ್ಳಗಿರುವವರು ಹೇಗಾದರೂ ಕಾಣುತ್ತಾರೆ.

ಮತ್ತೆ ಭಾನುವಾರ ಸಿಗೋಣ, ಎಂದಿನ ಹಾಗೆ ದನಿಯಾಗಿ. ಈ ಸಲ ಮುಖವೂ ಗೊತ್ತಿರುತ್ತದೆ.

ನಮಸ್ಕಾರ.